ಗರ್ಭಚೀಲದ ಬಾಯಿಗೆ ಚರ್ಮ ಬಂದಿತ್ತು: ಜಮಖಂಡಿ ಕಡೆಯ ಒಂದು ಪ್ರಕರಣ

ಆಯಿ ತನ್ನ ಸಲುವಾಗಿ ಆಸ್ಪತ್ರೆಗೆ ಬಂದವರಲ್ಲ. ಏಳು ತಿಂಗಳ ಬಸುರಿ ಸೊಸೆಯನ್ನು ತಪಾಸಣೆಗೆ ಕರೆತಂದಿದ್ದರು. ಬಾಗಲಕೋಟೆ ಜಿಲ್ಲೆ, ಜಮಖಂಡಿ ಕಡೆಯ ಕೃಷ್ಣಾ ದಂಡೆಯ ಹಳ್ಳಿ ಅವರದು. ಕಬ್ಬಿನ ಹಂಗಾಮು ಶುರುವಾಗಿತ್ತು. ರಸ್ತೆ ತುಂಬ ಟ್ರ್ಯಾಕ್ಟರ್, ಬಸ್ಸುಗಳೆಲ್ಲ ತಡ, ಒಪಿಡಿಯಲ್ಲಿ ಹನ್ನೊಂದು ಗಂಟೆಗೆ ಒಮ್ಮೆಲೇ ಗದ್ದಲ. ಸಿಸ್ಟರ್ ಎರಡು ಸಲ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟರೂ ಆಯಿ ಕೂರಲಿಲ್ಲ. ಗೋಡೆಗೆ ಒರಗಿ, ಕಾಲು ಸ್ವಲ್ಪ ಅಗಲಿಸಿ ನಿಂತೇ ಇದ್ದರು.

"ಬಾಯಾರ, ಆ ಆಯಿನ್ನ ಒಂಚೂರು ನೋಡ್ರಿ. ಕುಂದ್ರವಲ್ರು," ಎಂದು ಡಾಕ್ಟರಾದ ನನಗೆ ಹೇಳಿದರು ಸಿಸ್ಟರ್.

ಕೇಳಿದರೆ "ಮೊಣಕಾಲ ನೋವ್ರಿ" ಎಂಬ ಉತ್ತರ ಬಂತು. ಮೊಣಕಾಲು ನೋಯುವವರು ಮೊದಲು ಬೆಂಚು ಹುಡುಕುತ್ತಾರೆ, ಅಲ್ವಾ? ಸೊಸೆಯನ್ನು ಹೊರಗೆ ಕಳಿಸಿ, ಪರದೆ ಎಳೆದು ಮತ್ತೆ ಕೇಳಿದೆ. ಸ್ವಲ್ಪ ಹೊತ್ತು ಸೆರಗಿನ ತುದಿ ತಿರುವುತ್ತ ಕುಳಿ... ಅಲ್ಲ, ನಿಂತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು. "ಗರ್ಭಚೀಲ ಕೆಳಗ ಬಂದೈತ್ರಿ. ಭಾಳ ವರ್ಷ ಆತು."

ಎಷ್ಟು ವರ್ಷ? ಅದನ್ನು ಆಕೆ ವರ್ಷದಲ್ಲಿ ಎಣಿಸಿರಲಿಲ್ಲ. ನಡುವಿನ ಮಗನ ಲಗ್ನದ ಹೊತ್ತಿಗೆ ಕೆಮ್ಮಿದರೆ ಏನೋ ಇಳಿದಂತಾಗುತ್ತಿತ್ತಂತೆ. ಹಿರೇ ಮೊಮ್ಮಗ ಹುಟ್ಟುವ ಹೊತ್ತಿಗೆ ದಿನವೂ ಹೊರಗೆ. ಲೆಕ್ಕ ಹಾಕಿದರೆ 14 ವರ್ಷ. ಇಷ್ಟು ದಿನ ಹೇಗೆ ಕೆಲಸ ಮಾಡಿದಿರಿ ಎಂದರೆ, "ಕಚ್ಚಿ ಬಿಗಿಯಾಗಿ ಉಟ್ರ ನಿಲ್ತೈತ್ರಿ" ಎಂದರು. ಈ ಕಡೆಯ ಕಚ್ಚೆ ಸೀರೆಯನ್ನು ಲಂಗೋಟಿಯಂತೆ ಕಟ್ಟಿಕೊಂಡು ಕಳೆ ಕಿತ್ತಿದ್ದಾರೆ, ಕಬ್ಬಿನ ಹೊರೆ ಹೊತ್ತಿದ್ದಾರೆ. ಈಗ ಹೇಳಿದ್ದಕ್ಕೂ ಕಾರಣ ಬೇರೆಯೇ. ಒಂದೂವರೆ ತಿಂಗಳಿಂದ ಸೀರೆಗೆ ರಕ್ತದ ಕಲೆ ಬೀಳುತ್ತಿತ್ತು, ವಾಸನೆ ಬರುತ್ತಿತ್ತು. ಸೊಸೆಗೆ ಗೊತ್ತಾಗುತ್ತದಲ್ಲ ಎಂಬ ನಾಚಿಕೆ.

ವಯಸ್ಸು 62. ಐದು ಹೆರಿಗೆ, ಎಲ್ಲ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಮುಟ್ಟು ನಿಂತು 15 ವರ್ಷ. ಮೂತ್ರ ಮಾಡುವಾಗ ಚೀಲವನ್ನು ಕೈಯಿಂದ ಒಳಗೆ ತಳ್ಳಿಕೊಳ್ಳಬೇಕು, ಇಲ್ಲದಿದ್ದರೆ ಪೂರ್ತಿ ಹೋಗುವುದಿಲ್ಲ. ಸಕ್ಕರೆ ಕಾಯಿಲೆ ಇದೆಯೆಂದು ಆ ದಿನವೇ ಗೊತ್ತಾದದ್ದು. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ, 9.1. ಹಿಮೋಗ್ಲೋಬಿನ್ 8.6. ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಪರೀಕ್ಷೆ, ಮತ್ತು ನನ್ನ ತಪ್ಪು

ಗರ್ಭಚೀಲ ಪೂರ್ತಿ ಹೊರಗಿತ್ತು. ಯೋನಿಯ ಗೋಡೆ ಒಳಮಗುಚಿ ಅದರ ಸುತ್ತ ಚೀಲದಂತೆ ಇಳಿದಿತ್ತು. ಜಾರಿದ್ದನ್ನು ಸೆಂಟಿಮೀಟರಿನಲ್ಲಿ ಅಳೆದು ಬರೆಯುವ ಪಿಒಪಿ-ಕ್ಯೂ ಎಂಬ ಪದ್ಧತಿ 1996ರಿಂದ ಇದೆ. ಅದರ ಪ್ರಕಾರ ಇದು 4ನೇ ಹಂತ, ಅಂದರೆ ಕೊನೆಯದು.

ನನ್ನ ಕಣ್ಣು ನಿಂತದ್ದು ಗರ್ಭಕಂಠದ ಮೇಲೆ, ಅಂದರೆ ಗರ್ಭಚೀಲದ ಬಾಯಿಯ ಮೇಲೆ. ಅದು ಸಾಮಾನ್ಯವಾಗಿ ಬಾಯಿಯ ಒಳಗಿನಂತೆ ಗುಲಾಬಿ, ತೇವ, ನುಣುಪು. ಇಲ್ಲಿ ಅದು ಬೆಳ್ಳಗೆ, ಒಣಗಿ, ದಪ್ಪಗಾಗಿತ್ತು. ಮೇಲೆ ಸಣ್ಣ ಸಣ್ಣ ಬಿರುಕು. ಬೇಸಿಗೆಯಲ್ಲಿ ಒಡೆದ ಹಿಮ್ಮಡಿ ನೋಡಿದ್ದೀರಲ್ಲ, ಹಾಗೆ. ಹಿಂದಿನ ತುಟಿಯ ತುದಿಯಲ್ಲಿ 3 ಸೆಂಟಿಮೀಟರ್ ಉದ್ದದ ಹುಣ್ಣು. ಅಂಚು ಚೊಕ್ಕ ಇತ್ತು, ಗಟ್ಟಿಯಾಗಿರಲಿಲ್ಲ, ಮುಟ್ಟಿದರೆ ಪುಡಿಯಾಗುತ್ತಿರಲಿಲ್ಲ. ಆದರೆ ವಾಸನೆ ಇತ್ತು, ರಕ್ತ ಇತ್ತು, ವಯಸ್ಸು 62.

ಗರ್ಭಕಂಠದ ಕ್ಯಾನ್ಸರನ್ನು ಮೊದಲೇ ಹುಡುಕುವ ಸ್ಕ್ರೀನಿಂಗ್ ಪರೀಕ್ಷೆಗಳು ಇಂಥಲ್ಲಿ ಕೈಕೊಡುತ್ತವೆ. ನಮ್ಮ ದೇಶದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ ನೋಡಬೇಕು ಎಂದಿದೆ. ಬೆಳ್ಳಗಾದ ಜಾಗವನ್ನು ಅನುಮಾನಿಸಬೇಕು. ಆಯಿಗೆ ಹಚ್ಚುವ ಮೊದಲೇ ಎಲ್ಲ ಬೆಳ್ಳಗಿತ್ತು! ಅಯೋಡಿನ್ ಹಚ್ಚಿದರೆ ಆರೋಗ್ಯವಂತ ಪದರದಲ್ಲಿರುವ ಗ್ಲೈಕೋಜನ್ ಎಂಬ ಪಿಷ್ಟದಂಥ ವಸ್ತು ಕಂದು ಬಣ್ಣಕ್ಕೆ ತಿರುಗಬೇಕು. ಉಗುರು, ಕೂದಲಲ್ಲಿ ಇರುವ ಕೆರಟಿನ್ ಎಂಬ ಗಟ್ಟಿ ವಸ್ತು ಕಟ್ಟಿದ ಪದರದಲ್ಲಿ ಗ್ಲೈಕೋಜನ್ ಇಲ್ಲ, ಹಾಗಾಗಿ ಬಣ್ಣವೂ ಹಿಡಿಯಲಿಲ್ಲ. ಗರ್ಭಕಂಠದ ಮೇಲ್ಮೈ ಕೆರೆದು ನೋಡುವ ಪ್ಯಾಪ್ ಸ್ಮಿಯರ್‌ನಲ್ಲಿ ಬಂದದ್ದು ಬರೀ ಹೊಟ್ಟು, ಅಂದರೆ ನಡುವಿನ ಬೀಜವೇ ಇಲ್ಲದ ಸತ್ತ ಜೀವಕೋಶಗಳು. ಅದರ ಕೆಳಗೆ ಏನಿದೆ ಎಂಬುದು ಸ್ಮಿಯರ್‌ಗೆ ಕಾಣುವುದಿಲ್ಲ. ಬಯಾಪ್ಸಿಯೇ ಬೇಕು. ಹುಣ್ಣಿನ ಅಂಚಿನಿಂದ ಎರಡು, ಬಿಳಿ ದಪ್ಪ ಜಾಗದಿಂದ ಎರಡು ಚೂರು ತೆಗೆದೆ.

ಇಷ್ಟೆಲ್ಲ ಸರಿಯಾಗಿಯೇ ಮಾಡಿದೆ. ಆಮೇಲೆ ಕಾರಿಡಾರಿನಲ್ಲಿ ನಿಂತು, ಲ್ಯಾಬಿಗೆ ಒಯ್ಯಲು ಮಗನ ಕೈಗೆ ಆ ಚೂರುಗಳಿದ್ದ ಫಾರ್ಮಾಲಿನ್ ಡಬ್ಬಿ ಕೊಡುತ್ತ, "ಕ್ಯಾನ್ಸರ್ ಇರಬಹುದು, ನೋಡೋಣ" ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ ಅದು, ಆತುರದ ಮಾತು. ಹಿಂದೆ ಇಪ್ಪತ್ತು ಜನ ಕಾಯುತ್ತಿದ್ದರು. ಆಯಿ ಎರಡು ಮಾರು ದೂರದಲ್ಲೇ ಇದ್ದರು. ಮರುದಿನ ಅಡ್ಮಿಟ್ ಆಗಲು ಹೇಳಿದ್ದೆ. ಬರಲಿಲ್ಲ. ಫೋನ್ ಎತ್ತಲಿಲ್ಲ. ಒಂಬತ್ತು ದಿನ!

ಕರೆತಂದದ್ದು ಅವರ ಊರಿನ ಆಶಾ ಕಾರ್ಯಕರ್ತೆ. ಮನೆಯಲ್ಲಿ ನಡೆದ ಮಾತುಕತೆಯನ್ನೂ ಆಕೆಯೇ ಹೇಳಿದ್ದು. ಕ್ಯಾನ್ಸರ್ ಎಂದಮೇಲೆ ಖರ್ಚು ಮಾಡಿ ಏನು ಉಪಯೋಗ ಎಂದು ಒಬ್ಬರು. ಸುಮ್ನೆ ಗರ್ಭಚೀಲ ತೆಗೆದು ದುಡ್ಡು ಮಾಡುತ್ತಾರೆ ಎಂದು ಇನ್ನೊಬ್ಬರು. ಎರಡನೆಯವರನ್ನು ನಾನು ಬೈಯಲಾರೆ. ಗಡಿಯಾಚೆ, ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಎಷ್ಟೋ ಹೆಂಗಸರು ಚಿಕ್ಕ ವಯಸ್ಸಿಗೇ ಗರ್ಭಚೀಲ ತೆಗೆಸಿಕೊಂಡ ಸುದ್ದಿ 2019ರಲ್ಲಿ ದೊಡ್ಡದಾಗಿತ್ತು. ಆ ಕಡೆಯ ಗ್ಯಾಂಗುಗಳು ಇಲ್ಲಿಗೂ ಕಬ್ಬು ಕಡಿಯಲು ಬರುತ್ತವೆ. ಸುದ್ದಿಗೆ ಗಡಿ ಎಲ್ಲಿ?

ಅದಲು ಬದಲಾಯಿತೇ?

ಅಷ್ಟರಲ್ಲಿ ರಿಪೋರ್ಟ್ ಬಂದಿತ್ತು. ಹುಣ್ಣಿನ ಅಂಚಿನ ಎರಡು ಚೂರಿನಲ್ಲಿ ಉರಿಯೂತ ಮಾತ್ರ, ಕ್ಯಾನ್ಸರ್ ಇಲ್ಲ. ನಿಟ್ಟುಸಿರು ಬಿಟ್ಟೆ. ಮೂರನೆಯ ಚೂರಿನ ಬಗ್ಗೆ ಓದಿದಾಗ ತಲೆ ಕೆಟ್ಟಿತು. ದಪ್ಪ ಕೆರಟಿನ್ ಪದರ, ಅದರ ಕೆಳಗೆ ಚರ್ಮದಲ್ಲಿ ಇರುವಂಥ ಹರಳಿನ ಪದರ, ಕೆಳಗೆ ಎಣ್ಣೆ ಗ್ರಂಥಿಗಳ ಗೊಂಚಲು, ಒಂದು ಕಡೆ ಕೂದಲಿನ ಬುಡದಂಥ ರಚನೆ.

ಗರ್ಭಚೀಲದ ಬಾಯಲ್ಲಿ ಕೂದಲಿನ ಬುಡವೇ? ಅದೇ ದಿನ ನಮ್ಮಲ್ಲಿ ಇನ್ನೊಬ್ಬರ ಬೆನ್ನಿನ ಗಡ್ಡೆ ತೆಗೆದು ಅದೇ ಲ್ಯಾಬಿಗೆ ಕಳಿಸಿದ್ದರು. ಡಬ್ಬಿಯ ಚೀಟಿ ಅದಲು ಬದಲಾಗಿದೆ ಎಂದು ನನಗೆ ಖಾತ್ರಿಯೇ ಆಯಿತು. ಪೆಥಾಲಜಿ ಡಾಕ್ಟರಿಗೆ ಫೋನ್ ಮಾಡಿ, ಸ್ವಲ್ಪ ಜೋರಾಗಿಯೇ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಬರ್ರಿ ಮೇಡಂ, ನೀವ ನೋಡ್ರಿ," ಎಂದರು.

ಹೋದೆ. ಸ್ಲೈಡಿನ ಒಂದು ಬದಿಗೆ ಎಣ್ಣೆ ಗ್ರಂಥಿ. ನೊರೆ ತುಂಬಿದಂತೆ ಕಾಣುವ ದುಂಡನೆಯ ಜೀವಕೋಶಗಳು, ಚರ್ಮದ ಸ್ಲೈಡಿನಲ್ಲಿ ಕಾಣುವಂತೆಯೇ. ಅವರು ಸ್ಲೈಡನ್ನು ಒಂದು ಕೂದಲೆಳೆ ಪಕ್ಕಕ್ಕೆ ಸರಿಸಿದರು. ಅದೇ ಚೂರಿನಲ್ಲಿ, ಅದೇ ಅಂಗಾಂಶದಲ್ಲಿ, ಲೋಳೆ ಸುರಿಸುವ ಗರ್ಭಕಂಠದ ಗ್ರಂಥಿ. ಇಂಥ ಗ್ರಂಥಿ ಬೆನ್ನಿನ ಚರ್ಮದಲ್ಲಿ ಇರಲು ಸಾಧ್ಯವೇ ಇಲ್ಲ. ಎರಡೂ ಒಂದೇ ಚೂರಿನಲ್ಲಿ ಇದ್ದವು ಎಂದರೆ ಚೀಟಿ ಸರಿಯಾಗಿಯೇ ಇತ್ತು. ನಾನು ಎರಡನೇ ಸಲ ಆತುರಪಟ್ಟಿದ್ದೆ.

ಹೀಗೆ ಹೇಗೆ ಆಗುತ್ತದೆ

ಗರ್ಭಕಂಠದಲ್ಲಿ ಎರಡು ಬಗೆಯ ಒಳಪದರ ಕೂಡುತ್ತವೆ. ಯೋನಿಯ ಕಡೆಗೆ ಹಲವು ಪದರದ ಚಪ್ಪಟೆ ಜೀವಕೋಶಗಳು. ಒಳದಾರಿಯ ಕಡೆಗೆ ಒಂದೇ ಸಾಲಿನ ಎತ್ತರದ, ಲೋಳೆ ಸುರಿಸುವ ಜೀವಕೋಶಗಳು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುವ ಜಾಗ ಇರುತ್ತದಲ್ಲ, ಹಾಗೆ. ಈ ಕೂಡುವ ಜಾಗ ಸುಮ್ಮನಿರುವುದಿಲ್ಲ. ಹರೆಯದಲ್ಲಿ, ಬಸುರಿನಲ್ಲಿ, ಮುಟ್ಟು ನಿಂತಮೇಲೆ ಅತ್ತಿತ್ತ ಸರಿಯುತ್ತಲೇ ಇರುತ್ತದೆ. ಒಂದು ಬಗೆಯ ಜೀವಕೋಶದ ಜಾಗದಲ್ಲಿ ಇನ್ನೊಂದು ಬಗೆ ಬೆಳೆಯುವುದಕ್ಕೆ ಮೆಟಾಪ್ಲೇಸಿಯಾ ಎನ್ನುತ್ತಾರೆ. ಬೀಡಿ ಸೇದುವವರ ಶ್ವಾಸನಾಳದಲ್ಲೂ ಇದೇ ಆಗುತ್ತದೆ. ಹೊಗೆ ತಾಳಲಾರದ ನಾಜೂಕು ಪದರ ಹೋಗಿ, ಒರಟು ಪದರ ಬರುತ್ತದೆ. ಬೆಳೆದ ಜೀವಕೋಶ ವೇಷ ಬದಲಿಸುವುದಿಲ್ಲ. ತಳದಲ್ಲಿರುವ ಮೂಲ ಜೀವಕೋಶಗಳು ಇನ್ನುಮುಂದೆ ಬೇರೆ ಬಗೆಯನ್ನು ಹುಟ್ಟಿಸತೊಡಗುತ್ತವೆ. ಮಗ್ಗ ಅದೇ, ಬಟ್ಟೆ ಬೇರೆ.

ಗರ್ಭಚೀಲ ಜಾರಿ ಹೊರಗೆ ಬಂದಾಗ ತೇವದಲ್ಲಿ ಇರಬೇಕಾದ ಪದರ ಗಾಳಿಗೆ ಒಣಗುತ್ತದೆ. ನಡೆಯುವಾಗ ತೊಡೆಗೆ, ಬಟ್ಟೆಗೆ ಉಜ್ಜುತ್ತದೆ. ಮೇಲೆ ಕೆರಟಿನ್ ಕಟ್ಟುವುದು, ಪದರ ದಪ್ಪಗಾಗುವುದು ಇಂಥ ಹೆಂಗಸರಲ್ಲಿ ಸಾಮಾನ್ಯ. ಗುದ್ದಲಿ ಹಿಡಿದ ಕೈಗೆ ಜಡ್ಡು ಕಟ್ಟುವ ಹಾಗೆಯೇ ಇದು. ಇಲ್ಲಿಯವರೆಗೆ ಅಚ್ಚರಿಯೇನೂ ಇಲ್ಲ.

ಅಪರೂಪ ಎಂದರೆ ಅದರ ಮುಂದಿನ ಹೆಜ್ಜೆ. ಜಡ್ಡು ಕಟ್ಟಿದ ಪದರದ ಜೊತೆಗೆ ಎಣ್ಣೆ ಗ್ರಂಥಿ, ಕೂದಲಿನ ಬುಡ ಎಂದರೆ ಚರ್ಮದ ಪೂರ್ತಿ ಸರಂಜಾಮು ಬಂದಂತಾಯಿತು. ಇದು ಎಲ್ಲಿಂದ ಬಂತು ಎಂಬುದಕ್ಕೆ ಎರಡು ವಾದ ಇವೆ. ಗರ್ಭಕಂಠ ಭ್ರೂಣದ ನಡುಪದರದಿಂದ ಬೆಳೆಯುತ್ತದೆ, ಚರ್ಮದ ಮೇಲ್ಪದರ ಹೊರಪದರದಿಂದ. ಹಾಗಾಗಿ ಹುಟ್ಟುವ ಮೊದಲೇ ಹೊರಪದರದ ಒಂದಿಷ್ಟು ಜೀವಕೋಶ ದಾರಿ ತಪ್ಪಿ ಇಲ್ಲಿ ಉಳಿದಿರಬೇಕು ಎಂಬುದು ಒಂದು. ದೀರ್ಘ ಕಾಲದ ಕಿರಿಕಿರಿಯಿಂದ ಅಲ್ಲಿನ ಮೂಲ ಜೀವಕೋಶಗಳೇ ಹೀಗೆ ಬದಲಾದವು ಎಂಬುದು ಇನ್ನೊಂದು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಹುಟ್ಟಿನಿಂದಲೇ ಇದ್ದಿದ್ದರೆ ಚಿಕ್ಕವರಲ್ಲೂ ಕಾಣಬೇಕಿತ್ತು. ಕಾಣುವುದು ಹೆಚ್ಚಾಗಿ ನಡುವಯಸ್ಸು ದಾಟಿದವರಲ್ಲಿ, ಅದರಲ್ಲೂ ಗರ್ಭಚೀಲ ಜಾರಿದವರಲ್ಲಿ ಅಥವಾ ತುಂಬ ದಿನ ಉರಿಯೂತ ಇದ್ದವರಲ್ಲಿ. ಆಯಿಯ ಸ್ಲೈಡಿನಲ್ಲೂ ಎಣ್ಣೆ ಗ್ರಂಥಿಗಳಿದ್ದದ್ದು ದಪ್ಪಗಾದ ಜಾಗದ ಕೆಳಗೆ ಮಾತ್ರ. ಇಷ್ಟು ವರ್ಷ ಹೊರಗಿದ್ದರೆ ಇಷ್ಟು ಬದಲಾಗುತ್ತದೆ ಎಂಬ ಲೆಕ್ಕ ಯಾರ ಬಳಿಯೂ ಇಲ್ಲ. ಆದರೂ ಆ ಸ್ಲೈಡ್ ನೋಡುವಾಗ ನನಗೆ ಕಂಡದ್ದು 14 ವರ್ಷದ ಕಚ್ಚೆಯೇ.

ಇದು ಕ್ಯಾನ್ಸರಿನ ಮುನ್ನುಡಿಯೇ ಎಂದು ಕೇಳಬಹುದು. ಎಣ್ಣೆ ಗ್ರಂಥಿ ಬಂದಷ್ಟಕ್ಕೇ ಅಲ್ಲ. ಗರ್ಭಕಂಠದ ಕ್ಯಾನ್ಸರಿಗೆ ದಾರಿ ಮಾಡುವುದು ಮುಖ್ಯವಾಗಿ ಎಚ್‌ಪಿವಿ ವೈರಸ್, ಅದರಲ್ಲೂ 16 ಮತ್ತು 18ನೇ ತಳಿ. ಆಯಿಗೆ ಎಚ್‌ಪಿವಿ ಪರೀಕ್ಷೆ ನೆಗೆಟಿವ್ ಬಂತು. ಆ ವೈರಸ್ಸಿನ ಬದಲಾವಣೆ ಇದ್ದರೆ ಹಿಡಿಯುವ ಪಿ16 ಎಂಬ ಬಣ್ಣವನ್ನು ಸ್ಲೈಡಿಗೆ ಹಾಕಿದರೆ, ಅದೂ ಹಿಡಿಯಲಿಲ್ಲ. ಹಾಗೆಂದು ಜಾರಿದ ಗರ್ಭಚೀಲದ ಹುಣ್ಣನ್ನೆಲ್ಲ ಸಾದಾ ಹುಣ್ಣು ಎಂದುಕೊಳ್ಳುವ ಹಾಗಿಲ್ಲ. ಅಪರೂಪಕ್ಕೆ ಅದರಲ್ಲಿ ಕ್ಯಾನ್ಸರ್ ಸಿಗುತ್ತದೆ. ನಾನು ಬಯಾಪ್ಸಿ ಮಾಡಿದ್ದು ತಪ್ಪಲ್ಲ, ಕಾರಿಡಾರಿನಲ್ಲಿ ಬಾಯಿಬಿಟ್ಟಿದ್ದು ತಪ್ಪು.

ಹುಣ್ಣಿನ ಹೆಸರಿನದೇ ಒಂದು ತಮಾಷೆ ಇದೆ. ಪುಸ್ತಕದಲ್ಲಿ ಅದಕ್ಕೆ ಡೆಕ್ಯುಬಿಟಸ್ ಹುಣ್ಣು ಎನ್ನುತ್ತಾರೆ, ಅಂದರೆ ಮಲಗಿದ್ದು ಬರುವ ಹುಣ್ಣು. ಆಯಿ 14 ವರ್ಷದಲ್ಲಿ ಮಲಗಿದ್ದೇ ಕಡಿಮೆ! ಉಜ್ಜಿ ಉಜ್ಜಿ ಆಗುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ, ಅದು ಅರ್ಧ ಮಾತು. ಚೀಲ ಕೆಳಗೆ ಜೋತುಬಿದ್ದಾಗ ಅದರ ರಕ್ತನಾಳಗಳು ಮಡಚಿ, ರಕ್ತ ವಾಪಸ್ ಹೋಗದೆ ನಿಲ್ಲುತ್ತದೆ. ಎಲ್ಲಕ್ಕಿಂತ ಕೆಳಗಿರುವ ತುದಿಗೆ ಸರಿಯಾದ ಪೋಷಣೆ ಸಿಗದೆ ಅಲ್ಲಿ ಹುಣ್ಣಾಗುತ್ತದೆ. ಇದನ್ನು ತಿಳಿದರೆ ಚಿಕಿತ್ಸೆ ಏನೆಂದು ತಾನಾಗಿಯೇ ತಿಳಿಯುತ್ತದೆ. ಚೀಲ ಒಳಗೆ ಹೋಗಬೇಕು, ಆಕೆ ಮಲಗಬೇಕು.

ಚಿಕಿತ್ಸೆ

ಮಲಗಿಸುವುದೇ ಕಷ್ಟವಾಯಿತು. ಸೊಸೆಗೆ ಎರಡನೇ ಹೆರಿಗೆ, ಬಾಣಂತನ ಆಯಿಯ ಮನೆಯಲ್ಲೇ. "ನಾ ಇಲ್ಲಿ ಮಲಕೊಂಡ್ರ ಆಕಿಗೆ ಯಾರ್ರಿ?" ಎಂಬುದೇ ಆಯಿಯ ಮಾತು. ಹೆರಿಗೆ ಮುಗಿದು, ಬಾಣಂತನ ಮುಗಿದು, ಆಮೇಲೆ ನೋಡೋಣ ಎಂದರು. ಕೊನೆಗೆ ದಾರಿ ಮಾಡಿದ್ದು ಸೊಸೆಯೇ. ತವರಿಗೆ ಫೋನ್ ಮಾಡಿ ತನ್ನ ಅವ್ವನನ್ನು ಕರೆಸಿಕೊಂಡಳು. "ನೀವು ಮಲಕೊಳ್ರಿ ಅತ್ತಿ, ನಮ್ಮವ್ವ ಬರ್ತಾಳ," ಎಂದಳು. ಮಗನ ಹತ್ತಿರ ನಾನು ಕಾರಿಡಾರಿನ ಮಾತಿಗೆ ತಪ್ಪಾಯಿತು ಎಂದು ಕೇಳಿಕೊಂಡೆ. ಅವನು ಮುಜುಗರಪಟ್ಟು ಬೇರೆ ಮಾತು ತೆಗೆದ.

ಚೀಲವನ್ನು ಮೆಲ್ಲಗೆ ಒಳಗೆ ಕೂರಿಸಿ, ಗ್ಲಿಸರಿನ್ ಮತ್ತು ಆಕ್ರಿಫ್ಲೇವಿನ್ ನೆನೆಸಿದ ಗಾಜ್ ಪಟ್ಟಿ ತುಂಬಿದೆವು. ದಿನವೂ ಬದಲಿಸಿದೆವು. ಹಳೆಯ ಕಾಲದ ಈ ಹಳದಿ ಔಷಧಿಯನ್ನು ಈಗಿನ ಹುಡುಗರು ನಗುತ್ತ ನೋಡುತ್ತಾರೆ. ಗ್ಲಿಸರಿನ್ ಊತದ ನೀರನ್ನು ಎಳೆದು ತೆಗೆಯುತ್ತದೆ, ಪಟ್ಟಿ ಚೀಲವನ್ನು ಮೇಲೆ ಹಿಡಿದಿಡುತ್ತದೆ. ಕೆಲಸ ಆಗುತ್ತದೆ, ಇನ್ನೇನು ಬೇಕು? ಜೊತೆಗೆ ರಾತ್ರಿ ಈಸ್ಟ್ರೋಜನ್ ಕ್ರೀಮು, ಸಕ್ಕರೆಗೆ ಇನ್ಸುಲಿನ್, ರಕ್ತಕ್ಕೆ ಕಬ್ಬಿಣದ ಡ್ರಿಪ್. ಸ್ಕ್ಯಾನ್ ಮಾಡಿದಾಗ ಎರಡೂ ಕಿಡ್ನಿ ಸ್ವಲ್ಪ ಊದಿದ್ದವು. ಮೂತ್ರಚೀಲ ಕೆಳಗೆ ಇಳಿದಾಗ ಕಿಡ್ನಿಯಿಂದ ಬರುವ ನಾಳಗಳನ್ನೂ ಎಳೆದುಕೊಂಡು ಹೋಗುತ್ತದೆ, ಅವು ಮಡಚಿಕೊಳ್ಳುತ್ತವೆ. ಈ ಸ್ಕ್ಯಾನ್ ಮಾಡದೆ ಆಪರೇಷನ್‌ಗೆ ಕೈ ಹಾಕಬಾರದು.

18ನೇ ದಿನ ಹುಣ್ಣು ಮುಚ್ಚಿತು. ಬಿಳಿ ಪದರ ಮೆತ್ತಗಾಯಿತು, ಹೋಗಲಿಲ್ಲ.

ವಯಸ್ಸಾದವರಿಗೆ ರಿಂಗ್ ಪೆಸರಿ ಎಂಬ ಬಳೆಯಂಥ ಸಾಧನ ಇಟ್ಟು ಆಪರೇಷನ್ ತಪ್ಪಿಸಬಹುದು. ಇಟ್ಟು ನೋಡಿದೆವು, ಎರಡು ಸಲವೂ ಕೆಮ್ಮಿದಾಗ ಜಾರಿಬಿತ್ತು. ಆಮೇಲೆ ಆಯಿಯ ಜೊತೆ ಕೂತು ಎಲ್ಲ ವಿವರಿಸಿದೆ. ಬೀಡಿನ ಸುದ್ದಿಯನ್ನೂ ನಾನೇ ತೆಗೆದೆ. ಅಲ್ಲಿ ತೆಗೆದದ್ದಕ್ಕೂ ಇಲ್ಲಿ ತೆಗೆಯಬೇಕಾದದ್ದಕ್ಕೂ ಏನು ವ್ಯತ್ಯಾಸ ಎಂದು ಚಿತ್ರ ಬರೆದು ತೋರಿಸಿದೆ. ಯೋಚನೆ ಮಾಡಿ ಎರಡು ದಿನ ಬಿಟ್ಟು ಒಪ್ಪಿದರು.

ಆರನೇ ವಾರ, ಹಿಮೋಗ್ಲೋಬಿನ್ 10.4 ಆದಮೇಲೆ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದೆವು. ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ಗರ್ಭಚೀಲ ತೆಗೆದೆವು. ಬರೀ ತೆಗೆದರೆ ಸಾಲದು. ಜಾರಲು ಬಿಟ್ಟದ್ದು ಚೀಲವಲ್ಲ, ಅದನ್ನು ಹಿಡಿದಿದ್ದ ಕಟ್ಟುಗಳು. ಆ ಕಟ್ಟುಗಳನ್ನು ಯೋನಿಯ ತುದಿಗೆ ಹೊಲಿದು, ಮುಂದಿನ ಹಿಂದಿನ ಗೋಡೆ ಬಿಗಿ ಮಾಡಿದೆವು. ದಪ್ಪಗಾದ ಪದರದಿಂದ ಮೂತ್ರಚೀಲವನ್ನು ಬಿಡಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು.

ತೆಗೆದ ಗರ್ಭಕಂಠ ಅಳೆದರೆ 7 ಸೆಂಟಿಮೀಟರ್. ಸಾಮಾನ್ಯವಾಗಿ ಅದು 3ರ ಆಸುಪಾಸು. ಮೇಲೆ ಕಟ್ಟುಗಳು ಹಿಡಿದೆಳೆಯುತ್ತ, ಕೆಳಗೆ ಯೋನಿ ಜಗ್ಗುತ್ತ ನಡುವೆ ಅದು ಹಿಗ್ಗಿಹೋಗಿತ್ತು. ಈ ಸಲ ಪೆಥಾಲಜಿ ಡಾಕ್ಟರು ಪೂರ್ತಿ ಗರ್ಭಕಂಠವನ್ನು ಹೋಳು ಹೋಳಾಗಿ ನೋಡಿದರು. ಎಣ್ಣೆ ಗ್ರಂಥಿಗಳು ಇನ್ನೂ ಎರಡು ಜಾಗದಲ್ಲಿ ಸಿಕ್ಕವು. ಕೂದಲಿನ ಬುಡ ಮತ್ತೆ ಸಿಗಲಿಲ್ಲ. ಕ್ಯಾನ್ಸರ್ ಎಲ್ಲೂ ಇಲ್ಲ, ಅದರ ಮುಂಚಿನ ಬದಲಾವಣೆಯೂ ಇಲ್ಲ. ಅವರು ಆ ಸ್ಲೈಡುಗಳನ್ನು ಬೇರೆ ಡಬ್ಬಿಯಲ್ಲಿ ತೆಗೆದಿಟ್ಟಿದ್ದಾರೆ, ಹುಡುಗರಿಗೆ ತೋರಿಸಲು.

ಮೂರು ತಿಂಗಳ ನಂತರ ಆಯಿ ಮೊಮ್ಮಗಳನ್ನು ಎತ್ತಿಕೊಂಡು ತಪಾಸಣೆಗೆ ಬಂದರು. ಕಿಡ್ನಿಯ ಊತ ಇಳಿದಿತ್ತು. ಮೂತ್ರ ಪೂರ್ತಿ ಹೋಗುತ್ತಿತ್ತು. ಸಕ್ಕರೆ ಇನ್ನೂ ಹತೋಟಿಗೆ ಬಂದಿರಲಿಲ್ಲ. ಭಾರ ಎತ್ತಬೇಡಿ ಎಂದು ಬರೆದುಕೊಟ್ಟಿದ್ದ ಚೀಟಿಯನ್ನು ಆಯಿ ಜೋಪಾನವಾಗಿ ಇಟ್ಟುಕೊಂಡಿದ್ದರು, ಜೊತೆಗೆ ಹದಿನೈದು ದಿನದಿಂದ ಹೊಲಕ್ಕೂ ಹೋಗುತ್ತಿದ್ದರು. "ಹೊರಿ ಹೊರಂಗಿಲ್ರಿ, ಬರೇ ಕಸ ತಗೀತೀನಿ." ಕೆಮ್ಮಲು ಹೇಳಿ ನೋಡಿದಾಗ ಮುಂದಿನ ಗೋಡೆ ತುಸು ಸಡಿಲವಾದಂತೆ ಕಂಡಿತು. ಬಿಗಿ ಹಿಡಿಯುವ ವ್ಯಾಯಾಮವನ್ನು ಮತ್ತೊಮ್ಮೆ ಹೇಳಿಕೊಟ್ಟು, ಆರು ತಿಂಗಳಿಗೆ ಮತ್ತೆ ನೋಡಬೇಕು ಎಂದು ಫೈಲಿನಲ್ಲಿ ಬರೆದಿದ್ದೇನೆ.